ಸೌಟು ಗುರುತಿನ ಕೊರಳು

ಇದು ನಡೆದ ಕಥೆ. ನಡೆದದ್ದು ಇಲ್ಲದ ದೇಶದಲ್ಲಿ ಎಂಬುದೊಂದೇ ಇದರ ಕೊರತೆ. ದೇಶ ಇಲ್ಲ ಅಂದ ಮಾತ್ರಕ್ಕೆ ಕಥೆ ಸುಳ್ಳಾಗಬೇಕಿಲ್ಲ. ಅಲ್ಲಿ ಚುನಾವಣೆ ನಡೆಯುತ್ತಿತ್ತು, ಬಜೆಟ್ ಮಂಡನೆಯಾಗುತ್ತಿತ್ತು, ವಿರೋಧ ಪಕ್ಷದವರು ಸಭಾತ್ಯಾಗ ಮಾಡಿ ಕಾಫಿಗೆ ಹೋಗುತ್ತಿದ್ದರು. ಇರುವ ದೇಶಗಳಲ್ಲಿ ಇದಕ್ಕಿಂತ ಹೆಚ್ಚೇನು ನಡೆಯುತ್ತದೆ?

ಆ ದೇಶದ ಹೆಸರು ನಡುನಾಡು. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿ, ಎರಡು ಬೀರುಗಳಷ್ಟು ದೊಡ್ಡದಾದ ಯಂತ್ರದೊಳಗೆ ಅದು ಇತ್ತು. ಕಟ್ಟಿದವರು ಗುರುಸಿದ್ಧಯ್ಯ ಮೇಷ್ಟ್ರು. ಒಂದು ಕಾಯ್ದೆ ತಂದರೆ ಯಾರ ಮನೆಯ ಒಲೆ ಉರಿಯುತ್ತದೆ, ಯಾರ ಮನೆಯದು ಆರುತ್ತದೆ ಎಂಬುದನ್ನು ನಿಜವಾದ ಜನರನ್ನು ಉಪವಾಸ ಕೆಡವದೆ ಮೊದಲೇ ನೋಡುವಂತಿದ್ದರೆ ಹೇಗೆ ಎಂಬ ಒಂದೇ ಪ್ರಶ್ನೆಯಿಂದ ಅವರು ಶುರು ಮಾಡಿದ್ದರು. ಅದಕ್ಕಾಗಿ ಲಕ್ಷಗಟ್ಟಲೆ ಲೆಕ್ಕದ ಜನರನ್ನು ಹುಟ್ಟಿಸಿದರು. ಪ್ರತಿಯೊಬ್ಬರಿಗೂ ಒಂದು ಮನೆ, ಒಂದು ಕಸುಬು, ಒಂದಿಷ್ಟು ಸಿಟ್ಟು, ಒಂದಿಷ್ಟು ನಂಬಿಕೆ. ಅವರು ಹುಟ್ಟುತ್ತಿದ್ದರು, ದುಡಿಯುತ್ತಿದ್ದರು, ತಮಗೆ ನೆನಪಿದ್ದಷ್ಟನ್ನು ಮಕ್ಕಳಿಗೆ ಹೇಳಿ ಸಾಯುತ್ತಿದ್ದರು. ನಮ್ಮ ಒಂದು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಹತ್ತು ವರ್ಷ ಕಳೆದಿರುತ್ತಿತ್ತು.

ಕಣ್ಣು ಕೊಡುವಷ್ಟು ತ್ರಾಣ ಆ ಕಾಲದ ಯಂತ್ರಕ್ಕೆ ಇರಲಿಲ್ಲ. ಹಾಗಾಗಿ ಆ ಜನಕ್ಕೆ ಕಿವಿ ಮಾತ್ರ. ಹೊರಗೆ ಮೈಕಿನ ಮುಂದೆ ನಿಂತು ಭಾಷಣ ಮಾಡಿದರೆ ಒಳಗೆ ನಾಡಿಗೆಲ್ಲ ಕೇಳುತ್ತಿತ್ತು. ಕೇಳುವಷ್ಟು ಹೊತ್ತು ಅಲ್ಲಿಯ ಕಾಲ ನಮ್ಮ ನಡಿಗೆಗೆ ಇಳಿಯುತ್ತಿತ್ತು. ಅವರ ಉತ್ತರ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ಪರದೆಯ ಪಕ್ಕದ ಡಬ್ಬಿಯಲ್ಲಿ ತಕ್ಕಡಿ ಮುಳ್ಳಿನಂಥ ಒಂದು ಮುಳ್ಳು. ಮಾತಾಡುವವನನ್ನು ಜನ ನಂಬಿದರೆ ಅದು ಬಲಕ್ಕೆ ಏರುತ್ತಿತ್ತು, ನಂಬದಿದ್ದರೆ ಎಡಕ್ಕೆ ಬೀಳುತ್ತಿತ್ತು. ಮುಖವೇ ಇಲ್ಲದ ನಾಡಿನಲ್ಲಿ ಮನುಷ್ಯನೆಂದರೆ ಅವನ ಧ್ವನಿ, ಅಷ್ಟೇ.

ನಾಡಾದ ಮೇಲೆ ಪಕ್ಷ ಬೇಕಲ್ಲ. ಮೇಷ್ಟ್ರು ಪಕ್ಕದ ಕಲಾ ಕಾಲೇಜಿನ ಹುಡುಗರನ್ನು ಕರೆದು, "ಒಬ್ಬೊಬ್ಬರು ಒಂದೊಂದು ಪಕ್ಷ ಕಟ್ಟ್ರಪ್ಪ, ಗೆದ್ದವರಿಗೆ ದೇಶ, ಸೋತವರಿಗೆ ದೋಸೆ" ಎಂದಿದ್ದರು. ಬೆಣ್ಣೆ ದೋಸೆಯ ಆಸೆಗೆ ಸೋಲಲು ತಯಾರಾಗಿ ಬಂದವರೇ ಬಹಳ. ಗೆಲ್ಲಲು ಬಂದವನು ಹಾಲೇಶ ಒಬ್ಬನೇ.

ಹಾಲೇಶನ ಅಪ್ಪ ಹತ್ತಿ ಗಿರಣಿಯಲ್ಲಿ ನೂಲುತ್ತಿದ್ದವರು. ಗಿರಣಿಯ ಸೈರನ್ ನಿಂತ ವರ್ಷವೇ ಹಾಲೇಶ ಇತಿಹಾಸದ ಎಂ.ಎ.ಗೆ ಸೇರಿದ್ದ. ಅವನು ಕಟ್ಟಿದ್ದು ಸಮಪಾಲು ಪಕ್ಷ. ಗುರುತು ಸೌಟು. ಅಂಗಡಿ ಮುಚ್ಚಿಸುವುದು ಬೇಡ, ಆದರೆ ತಕ್ಕಡಿ ನೆಟ್ಟಗಿರಲಿ. ಬಡಿಸುವವರು ಯಾರಾದರೂ ಆಗಲಿ, ಸೌಟು ಪಂಕ್ತಿಯ ಕೊನೆಯವರೆಗೂ ಹೋಗಲಿ. ಇದು ಅವನ ಸಿದ್ಧಾಂತ. "ಮಧ್ಯದಿಂದ ಸ್ವಲ್ಪ ಎಡಕ್ಕೆ" ಎಂದು ಅವನೇ ವಿವರಿಸುತ್ತಿದ್ದ.

"ಮಧ್ಯದಾಗೆ ನಿಂತು ಎಡವಿದೋರು ಅನ್ನು" ಎನ್ನುತ್ತಿದ್ದವನು ಕೊಟ್ರೇಶ. "ಪಕ್ಷ ಅಂದ್ರೆ ಪಂಚಾಂಗದ ಪ್ರಕಾರ ಹದಿನೈದು ದಿನ ಕಣಲೇ ಹಾಲ್ಯಾ. ನಿಂದು ಅಮಾವಾಸ್ಯೆ ದಾಟಲ್ಲ."

ಕೊಟ್ರೇಶ ಹಾಲೇಶನ ಹಾಸ್ಟೆಲ್ ಕೋಣೆಯವನು. ಓದುತ್ತಿದ್ದದ್ದು ರಸಾಯನಶಾಸ್ತ್ರ, ಬದುಕುತ್ತಿದ್ದದ್ದು ಅಣಕದ ಮೇಲೆ. ವಾರ್ಡನ್ನರ ಕೆಮ್ಮು, ಪ್ರಿನ್ಸಿಪಾಲರ ಮೂಗುದನಿ, ಮೆಸ್ಸಿನ ಅಡುಗೆಯವರು "ಸಾರು ಮುಗೀತು" ಅನ್ನುವಾಗಿನ ಸಂತೋಷ, ಎಲ್ಲ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಅವನು ಯಾವ ಪಕ್ಷಕ್ಕೂ ಸೇರಲಿಲ್ಲ. ಪಕ್ಷಾಂತರ ಮಾಡದವನು ಸ್ವರಾಂತರದಲ್ಲಿ ಮಾತ್ರ ಎತ್ತಿದ ಕೈ. ಪಕ್ಷದ ಕಾರ್ಯದರ್ಶಿ ಪುಷ್ಪವತಿ, ಹಾಲೇಶನ ತರಗತಿಯವಳು. ಅವಳು ಮತ್ತು ಹಾಲೇಶ ಸೇರಿ ಲ್ಯಾಬಿನ ಗೋಡೆಗೆಲ್ಲ ಸೌಟಿನ ಚಿತ್ರದ ಪೋಸ್ಟರ್ ಹಚ್ಚಿದ್ದರು.

"ಆ ದೇಶದೋರಿಗೆ ಕಣ್ಣೇ ಇಲ್ಲ. ಯಾರು ನೋಡಾಕೆ ಇವು?" ಎಂದು ಕೊಟ್ರೇಶ ಕೇಳಿದರೆ, ಗೋಂದಿನ ಕೈಯಲ್ಲೇ ಪುಷ್ಪವತಿ, "ನಾವು ನೋಡಾಕೆ" ಎಂದಿದ್ದಳು.

ಒಂದು ಮಧ್ಯಾಹ್ನ ಹಾಲೇಶ ಪರೀಕ್ಷೆ ಬರೆಯಲು ಹೋಗಿದ್ದಾಗ ಕೊಟ್ರೇಶ ಮೈಕಿನ ಮುಂದೆ ಕೂತು, ಹಾಲೇಶನ ದನಿಯಲ್ಲಿ ಇಡೀ ನಾಡಿಗೆ ಘೋಷಿಸಿಬಿಟ್ಟ: "ನಮ್ಮ ಸರ್ಕಾರ ಬಂದ್ರೆ ಪ್ರತಿಯೊಬ್ಬ ಮಂತ್ರಿಯೂ ವಾರಕ್ಕೊಂದ್ಸಲ ಸಿಟಿ ಬಸ್ಸಿನಾಗೆ, ಹಿಂದಿನ ಚಕ್ರದ ಮೇಲಿನ ಸೀಟಿನಾಗೆ ಕೂತು ಊರು ಸುತ್ತಬೇಕು!" ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಮುಳ್ಳು ಬಲಕ್ಕೆ ಹೋಗಿ ನಿಂತದ್ದು ಇಳಿಯಲೇ ಇಲ್ಲ. ಸಮಪಾಲು ಪಕ್ಷ ಗೆದ್ದಿತು. ಮಂತ್ರಿಗಳ ಸೊಂಟ ನೋಯಲು ಶುರುವಾದ ಮೇಲೆ ನಡುನಾಡಿನ ರಸ್ತೆಗಳು ಮೊಸರಿನ ಕೆನೆಯಂತಾದವು.

ಹಾಲೇಶನಿಗೆ ಸಿಟ್ಟು ಬಂದಿತ್ತೇ? ಎರಡು ದಿನ ಮಾತು ಬಿಟ್ಟ. ಮೂರನೇ ದಿನ, "ರಸ್ತೆ ಚೆನ್ನಾಗಾಗ್ಯಾವಲ್ಲ, ಬಿಡು" ಎಂದ. ಮೇಷ್ಟ್ರು ಮಾತ್ರ ಬಿಡಲಿಲ್ಲ. ಅಣಕದ ದನಿ ಇನ್ನೊಮ್ಮೆ ಒಳಗೆ ನುಸುಳದಂತೆ ಯಂತ್ರಕ್ಕೆ ಒಂದು ಬೀಗ ಹಾಕಿದರು. ಬೀಗದ ಒಳಗುಟ್ಟನ್ನು ಯಾರಿಗೂ ಹೇಳಲಿಲ್ಲ. ಇನ್ನೊಂದು ನಿಯಮವನ್ನೂ ಸೇರಿಸಿದರು: ಸ್ಥಾಪಕನ ದನಿ ಒಂದು ತಲೆಮಾರಿನಷ್ಟು ಕಾಲ ನಾಡಿಗೆ ಕೇಳಿಸದಿದ್ದರೆ ಅವನ ಪಕ್ಷ ತಾನಾಗಿಯೇ ರದ್ದು. ಹೊರಗಿನವರು ಮರೆತ ಪಕ್ಷವನ್ನು ಒಳಗಿನವರು ಯಾಕೆ ಹೊತ್ತುಕೊಂಡಿರಬೇಕು ಎಂಬುದು ಅವರ ವಾದ.

ಮೂವತ್ತು ವರ್ಷ ಕಳೆಯಿತು. ಉಳಿದ ಪಕ್ಷಗಳ ಸ್ಥಾಪಕರು ಸೈಟು, ಸಾಲ, ಸಂಸಾರಗಳಲ್ಲಿ ಮುಳುಗಿದರು, ಅವರ ಪಕ್ಷಗಳೂ ಮುಳುಗಿದವು. ಪುಷ್ಪವತಿಯನ್ನು ಮದುವೆಯಾಗಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಹಾಲೇಶ ಮಾತ್ರ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಹೋಗಿ, ಕಣ್ಣಿಲ್ಲದ ಆ ನಾಡಿಗೆ ಕೈಮುಗಿದು ಭಾಷಣ ಮಾಡಿ ಬರುತ್ತಿದ್ದ.

ಆಮೇಲೆ ಅವನ ಗಂಟಲಿಗೆ ಗಡ್ಡೆ ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿಪೆಟ್ಟಿಗೆ ಉಳಿಯಲಿಲ್ಲ.

*

ಶಂಶಾದ್ ಫೋನು ಮಾಡಿದ್ದು ಒಂದು ಮಂಗಳವಾರ, ಕೊಟ್ರೇಶ ಪಿಯು ಹುಡುಗರ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಾಗ. ಅವಳು ಗುರುಸಿದ್ಧಯ್ಯ ಮೇಷ್ಟ್ರ ಕೊನೆಯ ಶಿಷ್ಯೆ. ಮೇಷ್ಟ್ರು ತೀರಿಕೊಂಡ ಮೇಲೆ ನಡುನಾಡಿನ ಹಗಲು, ಮಳೆ, ಕರೆಂಟು ಎಲ್ಲ ಅವಳದೇ ಜವಾಬ್ದಾರಿ.

"ಸರ್, ನಾನು ಶಂಶಾದ್. ನಡುನಾಡಿನಿಂದ."

"ಏನಮ್ಮ, ಮಳೆ ಬೆಳೆ ಹೆಂಗೈತೆ ಅಲ್ಲಿ?"

"ಮಳೆ ನಾನು ಕೊಟ್ಟಷ್ಟು ಸರ್. ವಿಷಯ ಅದಲ್ಲ. ಹಾಲೇಶ್ ಸರ್ ಮಾತಾಡಿ ಎರಡೂವರೆ ವರ್ಷ ಆಯ್ತು. ಅಲ್ಲಿಗೆ ಅದು ಒಂದು ತಲೆಮಾರು. ಈ ಶುಕ್ರವಾರ ಸಮಪಾಲು ಪಕ್ಷ ರದ್ದಾಗುತ್ತೆ."

ಕೊಟ್ರೇಶನ ಕೆಂಪು ಪೆನ್ನು ಯಾವುದೋ ಹುಡುಗನ ಸರಿಯುತ್ತರದ ಮೇಲೆ ಅಡ್ಡಗೆರೆ ಎಳೆಯಿತು.

"ನೀನೇ ತಾಯಿ ಅಲ್ಲಿಗೆ ಬ್ರಹ್ಮ. ಒಂದು ಗುಂಡಿ ಒತ್ತಿ ಉಳಿಸ್ಬಿಡು."

"ಮೇಷ್ಟ್ರು ಹಾಕಿದ ಬೀಗ ಸರ್. ಮುಟ್ಟಿದ್ರೆ ಇಡೀ ನಾಡು ಮೊದಲಿಂದ ಶುರುವಾಗುತ್ತೆ, ಮುನ್ನೂರು ವರ್ಷ ಹೋಗುತ್ತೆ. ಹಳೇ ಭಾಷಣದ ಧ್ವನಿಮುದ್ರಣನೂ ಇಲ್ಲ. ಯಂತ್ರ ಆಗಿಂದಾಗ ಅಳೆದು ಬಿಟ್ಟುಬಿಡ್ತಿತ್ತು. ಮೇಡಮ್ಮೋರ ಹತ್ರ ಕೇಳಿದೆ. ಮದುವೆ ಕ್ಯಾಸೆಟ್ಟಿನಲ್ಲಿ ವಾಲಗದ ನಡುವೆ ಸರ್ 'ಊಟ ಆಯ್ತಾ' ಅಂದಿರೋದು ಒಂದು ಬಿಟ್ರೆ ಏನೂ ಇಲ್ಲ. ಅದನ್ನೇ ಕಂಪ್ಯೂಟರಿಗೆ ಕೊಟ್ಟು ಒಂದು ಭಾಷಣ ಮಾಡಿಸಿದೆ. ರೈಲ್ವೆ ಸ್ಟೇಷನ್ನಿನ ಪ್ರಕಟಣೆ ಥರ ಬಂತು. ನಾಡಿನವರು ಕೇಳಿ 'ಗಾಡಿ ಎಷ್ಟೊತ್ತಿಗೆ' ಅಂದ್ರು."

"ಹಾಲೇಶನಿಗೆ ಗೊತ್ತೈತಾ?"

"ಗೊತ್ತು ಸರ್. ನಿಮ್ಮನ್ನ ಕರೀರಿ ಅಂತ ಬರೆದು ತೋರಿಸಿದ್ದೇ ಅವರು."

ಕೊಟ್ರೇಶ ಫೋನು ಇಟ್ಟ. ಮೂವತ್ತು ವರ್ಷದಿಂದ ಅವನು ಊರಿನ ಪ್ರತಿ ಸಮಾರಂಭದಲ್ಲೂ ಹಾಲೇಶನನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದ, ಹೆಚ್ಚಾಗಿ ಹಾಲೇಶ ಮುಂದಿನ ಸಾಲಿನಲ್ಲೇ ಕೂತಿರುವಾಗ. ಆಪರೇಷನ್ ಆದ ದಿನದಿಂದ ಒಮ್ಮೆಯೂ ಇಲ್ಲ. ಬಚ್ಚಲಲ್ಲಿ ಒಬ್ಬನೇ ಇರುವಾಗಲೂ ಆ ದನಿಯನ್ನು ಗಂಟಲಿಗೆ ಬರಗೊಟ್ಟಿರಲಿಲ್ಲ. ಕಾಲು ಕಳೆದುಕೊಂಡವನ ಮುಂದೆ ಅವನದೇ ಚಪ್ಪಲಿ ಮೆಟ್ಟಿಕೊಂಡು ಕುಣಿದಂತೆ ಅನಿಸುತ್ತಿತ್ತು.

*

ಹಾಲೇಶನ ಮನೆ ಹಳೇ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ. ಕೊಟ್ರೇಶ ಹೋದಾಗ ಪುಷ್ಪವತಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಘಾಟು ಓಣಿಯ ತುದಿಯವರೆಗೆ ಬಂದಿತ್ತು. ಹಾಲೇಶ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಉಸಿರಾಟವೆಲ್ಲ ಕೊರಳ ತೂತಿನಿಂದ ಆದ ಮೇಲೆ ಮೂಗಿಗೆ ಗಾಳಿ ಹಾಯುವುದಿಲ್ಲ, ವಾಸನೆ ತಿಳಿಯುವುದಿಲ್ಲ. ಸಾಸಿವೆ ಸಿಡಿಯುವುದನ್ನು ಕಣ್ಣಿನಿಂದ ನೋಡಿಯೇ ಅವನು ಒಗ್ಗರಣೆಯ ಸುಖ ಪಡೆಯಬೇಕಿತ್ತು. ತೊಡೆಯ ಮೇಲೆ ಮಗಳು ಚಿಕ್ಕವಳಿದ್ದಾಗಿನ ಮ್ಯಾಜಿಕ್ ಸ್ಲೇಟು. ಬರೆದು, ಪಟ್ಟಿ ಎಳೆದರೆ ಅಳಿಸಿಹೋಗುವಂಥದ್ದು.

"ಬರ್ರಿ ಕೊಟ್ರಣ್ಣ. ನೀವೇ ಹೇಳ್ರಿ ಇವ್ರಿಗೆ" ಎಂದಳು ಪುಷ್ಪವತಿ. "ಎರಡು ದಿನದಿಂದ ನಿದ್ದಿ ಇಲ್ಲ. ಇಲ್ಲದ ದೇಶದ ಚಿಂತಿ."

ಹಾಲೇಶ ಬರೆದ: 'ನನ್ನ ಥರ ಮಾತಾಡ್ತೀಯಾ?'

"ಲೇ, ಅದು ಬ್ಯಾಡ" ಎಂದ ಕೊಟ್ರೇಶ. "ಬೇರೆ ಏನಾರ ಕೇಳು. ಪ್ರಿನ್ಸಿಪಾಲರ ಮೂಗು ಕೇಳು, ಕೊಡ್ತೀನಿ."

ಪಟ್ಟಿ ಎಳೆದು ಮತ್ತೆ ಬರೆದ: 'ಯಾಕೆ?'

"ಅದು ಮೋಸ ಅಲ್ಲೇನಲೇ? ನೀನೇ ಹೇಳ್ತಿದ್ದೆ, ವಾಮಮಾರ್ಗದಿಂದ ಗೆದ್ದ ವಾಮಪಂಥ ಬ್ಯಾಡ ಅಂತ."

'ಮಾತು ನನ್ನದು. ಗಂಟಲು ನಿನ್ನದು. ಮೋಸ ಎಲ್ಲೈತೆ?' ಅಕ್ಷರಗಳು ದಪ್ಪವಾಗಿದ್ದವು. ಸ್ಲೇಟಿನಲ್ಲಿ ಜಾಗ ಮುಗಿದದ್ದಕ್ಕೆ ಸಿಟ್ಟಿನಿಂದ ಅಳಿಸಿ ಮುಂದುವರಿಸಿದ: 'ಗಿರಣಿ ಉಳೀಲಿಲ್ಲ. ನಾನು ಓದಿದ ಕನ್ನಡ ಶಾಲೆ ಉಳೀಲಿಲ್ಲ. ಅದೊಂದು ಉಳಿದೈತೆ.'

ಒಲೆಯ ಮೇಲಿನ ಬಾಣಲೆಯನ್ನು ಪುಷ್ಪವತಿ ಕೆಳಗಿಳಿಸಿದಳು. ಕೊಟ್ರೇಶನ ಕಡೆ ತಿರುಗದೆ, ಮೆಲ್ಲಗೆ ಹೇಳಿದಳು: "ನನಗೂ ಒಂದ್ಸಲ ಕೇಳ್ಬೇಕಣ್ಣ. ಮರ್ತೋಗ್ತೈತೆ. ದಿನಾ ಸ್ವಲ್ಪ ಸ್ವಲ್ಪ ಮರ್ತೋಗ್ತೈತೆ. ಮೊನ್ನೆ ನನ್ನ ಹೆಸರು ಹೆಂಗ ಕರೀತಿದ್ರು ಅಂತ ನೆನಪು ಮಾಡ್ಕೊಳ್ಳಾಕ ಹೋದ್ರೆ ನಿಮ್ಮ ದನಿ ಬಂತು, ಇವ್ರದ್ದು ಬರಲಿಲ್ಲ."

ಪುಷ್ಪವತಿ ಮಂಡಕ್ಕಿ ಬಡಿಸಿದಳು. ತಟ್ಟೆ ಖಾಲಿಯಾದ ಮೇಲೆ ಕೊಟ್ರೇಶ ಕೇಳಿದ: "ಭಾಷಣ ಬರ್ದೀಯೇನಲೇ?"

ಹಾಲೇಶ ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಅವನು ಮೊದಲೇ ಬರೆದಿಟ್ಟಿದ್ದ.

*

ಶುಕ್ರವಾರ ಬೆಳಿಗ್ಗೆ ಮೂವರೂ ಲ್ಯಾಬಿಗೆ ಹೋದರು. ಸೌಟಿನ ಪೋಸ್ಟರುಗಳ ಗೋಂದಿನ ಕಲೆ ಗೋಡೆಯ ಮೇಲೆ ಇನ್ನೂ ಚೌಕ ಚೌಕವಾಗಿ ಉಳಿದಿತ್ತು. ಯಂತ್ರ ಹೊಸದಾಗಿತ್ತು, ನಾಡು ಎರಡು ಬೀರುಗಳಿಂದ ಒಂದು ಪೆಟ್ಟಿಗೆಗೆ ಇಳಿದಿತ್ತು. ಮೈಕು ಮಾತ್ರ ಅದೇ, ಬಾಡಿಗೆಗೆಂದು ತಂದು ವಾಪಸು ಕೊಡದೇ ಉಳಿಸಿಕೊಂಡದ್ದು.

ಕೊಟ್ರೇಶ ಮೂರು ದಿನ ತಾಲೀಮು ಮಾಡಿದ್ದ. ಹಾಲೇಶನ ದನಿಯ ಎತ್ತರ, ಒಳ್ಳೆಯ ದಿನಗಳಲ್ಲಿ ಅದಕ್ಕಿದ್ದ ಗಾಂಭೀರ್ಯ, ಪಾಠ ಹೇಳುವಾಗಿನ ಬಿಗಿ, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಇಟ್ಟಂತೆ ಜೋಡಿಸಿಕೊಂಡಿದ್ದ. ಗೆಳೆಯನ ದನಿಯನ್ನು ಈ ಸಲ ಅವನು ನಗೆಗೆಂದು ತೊಡುತ್ತಿರಲಿಲ್ಲ; ಮಡಿಯುಟ್ಟಂತೆ ಉಡುತ್ತಿದ್ದ.

ಶಂಶಾದ್ ಕೈ ಎತ್ತಿದಳು. ಪರದೆಯ ಮೇಲೆ, 'ಕೇಂದ್ರ ಮೈದಾನ. ಸಮಪಾಲು ಪಕ್ಷದ ಕಾರ್ಯಕರ್ತರು ಸೇರಿದ್ದಾರೆ' ಎಂಬ ಸಾಲು ಮೂಡಿತು.

"ನಡುನಾಡಿನ ನನ್ನ ಬಂಧುಗಳೇ..." ಎಂದು ಕೊಟ್ರೇಶ ಶುರು ಮಾಡಿದ.

ಪುಷ್ಪವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಾಲೇಶ ನೆಲ ನೋಡುತ್ತಿದ್ದ. ಮಾತು ತೂಕವಾಗಿ, ತಡೆಯಿಲ್ಲದೆ ಹರಿಯಿತು. ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಮುಳ್ಳು ಅಲುಗಾಡಿ, ಎಡಕ್ಕೆ ವಾಲಿ, ತಳ ಮುಟ್ಟಿತು. ಪರದೆಯ ಮೇಲೆ ಸಾಲುಗಳು ಓಡತೊಡಗಿದವು.

'ಇವರು ಯಾರು?'

'ಬಹಳ ಚೆನ್ನಾಗಿ ಮಾತಾಡುತ್ತಾರೆ. ನಮ್ಮ ಸ್ಥಾಪಕರಲ್ಲ.'

'ಯಾರೋ ಕಳಿಸಿದ ವೇಷಗಾರ. ಇಳಿಸಿ ಇವನನ್ನು.'

ಕೊಟ್ರೇಶ ಹಾಳೆಯಿಂದ ತಲೆ ಎತ್ತಿದ. ಶಂಶಾದ್ ಮೈಕು ಬಂದ್ ಮಾಡಿದಳು. ಊರಿನ ಪ್ರತಿ ವೇದಿಕೆಯಲ್ಲೂ ಹಾಲೇಶನೆಂದು ನಂಬಿಸಿದವನು, ನಿಜವಾಗಿ ನಂಬಿಸಬೇಕಾದ ದಿನ ಸಿಕ್ಕಿಬಿದ್ದಿದ್ದ.

"ಶ್ರುತಿ ಏನೂ ತಪ್ಪಿಲ್ಲಲ್ಲಮ್ಮ" ಎಂದ. "ಏರಿಳಿತ ಎಲ್ಲ ಸರಿ ಐತೆ."

"ಅದೇ ತೊಂದರೆ ಸರ್" ಎಂದಳು ಶಂಶಾದ್. ಬೀಗದ ಲೆಕ್ಕವನ್ನು ಅವಳು, ಏನನ್ನೂ ಬದಲಿಸದೆ, ಮೊದಲ ಸಲ ಬಿಚ್ಚಿ ಓದುತ್ತಿದ್ದಳು. "ಮೇಷ್ಟ್ರು ಬೀಗದಲ್ಲಿ ದನಿ ಅಳೆದೇ ಇಲ್ಲ. ದನಿಯನ್ನು ನೀವು ಕದೀತೀರಿ ಅಂತ ಅವರಿಗೆ ಗೊತ್ತಿತ್ತು. ಅಳೆದಿರೋದು ಎಲ್ಲಿ ತಡವರಿಸ್ತಾರೆ, ಎಲ್ಲಿ ಉಸಿರು ತಪ್ಪುತ್ತೆ, ಎಲ್ಲಿ ದಾರಿ ಮರೀತಾರೆ ಅನ್ನೋದನ್ನ. ಮತ್ತೆ ಇದನ್ನ ನೋಡಿ."

ಅವಳು ನಾಡಿನೊಳಗಿನ ಒಂದು ಶಾಲೆಯ ವರದಿಯನ್ನು ಪರದೆಗೆ ತಂದಳು. ಸಂಸ್ಥಾಪನಾ ದಿನಾಚರಣೆ. ಒಬ್ಬ ಹುಡುಗ ಹಾಲೇಶನ ಪಾತ್ರ ಮಾಡಿದ್ದ. ವರದಿ ಹೀಗಿತ್ತು: 'ವಿದ್ಯಾರ್ಥಿಯು ಸಂಪ್ರದಾಯದಂತೆ ಮೊದಲು ಮೈಕನ್ನು ತಟ್ಟಿ, ಹಿಂದಿನವರಿಗೆ ಕೇಳುತ್ತದೆಯೇ ಎಂದು ವಿಚಾರಿಸಿದನು. ಕೇಳುತ್ತದೆ ಎಂದರೂ ಒಪ್ಪದೆ ಮತ್ತೆ ವಿಚಾರಿಸಿದನು. ಹಿಂದಿನವರನ್ನು ಮೊದಲು ಕೇಳುವುದೇ ಪಕ್ಷದ ಮೊದಲ ತತ್ವ. ಆದ್ದರಿಂದಲೇ ನಮ್ಮ ಕಚೇರಿಗಳಲ್ಲಿ ಸಾಲಿನ ಕೊನೆಯವರ ಕೆಲಸ ಮೊದಲು ಆಗುತ್ತದೆ.'

ಹಾಲೇಶನ ಹುಬ್ಬು ಮೇಲೇರಿತು. ಬಾಡಿಗೆ ಮೈಕಿನ ಮೇಲೆ ನಂಬಿಕೆಯಿಲ್ಲದೆ, ಪ್ರತಿ ಸಲವೂ ಎರಡೆರಡು ಬಾರಿ ಕೇಳುತ್ತಿದ್ದ ಮಾತದು. ಇವರು ಅದನ್ನು ಸಂವಿಧಾನ ಮಾಡಿಕೊಂಡಿದ್ದರು.

"ಹತ್ತಾರು ತಲೆಮಾರು ಸರ್" ಎಂದಳು ಶಂಶಾದ್. "ಅಪ್ಪ ಮಗನಿಗೆ, ಮಗ ಮೊಮ್ಮಗನಿಗೆ ಹೇಳುವಾಗ ಸರಿಯಾಗಿ ಆಡಿದ ಮಾತೆಲ್ಲ ಸವೆದುಹೋಗಿದೆ. ತಡವರಿಕೆ ಮಾತ್ರ ಉಳಿದಿದೆ, ಅದೂ ಮೊದಲಿಗಿಂತ ದೊಡ್ಡದಾಗಿ. ನಮ್ಮ ತಾತ ಅಂದ್ರೆ ನನಗೂ ಅವರ ಸೀನು ಒಂದೇ ನೆನಪು."

ಕೊಟ್ರೇಶನಿಗೆ ಅರ್ಥವಾಯಿತು, ಅರ್ಥವಾದದ್ದೇ ಭಯವಾಯಿತು. ಆ ನಾಡು ಹಾಲೇಶನನ್ನು ನೆನಪಿಟ್ಟುಕೊಂಡದ್ದು ಹಾಸ್ಟೆಲಿನ ಹುಡುಗರು ನೆನಪಿಟ್ಟುಕೊಂಡ ಹಾಗೆ. ಅವರಿಗೆ ಬೇಕಾದದ್ದು ಅವನು ಮಡಿಯುಟ್ಟು ಆಡಿದ ದನಿಯಲ್ಲ. ಬಕೆಟ್ಟಿನ ಮೇಲೆ ನಿಂತು, ಟವೆಲನ್ನು ಶಲ್ಯದಂತೆ ಹೊದ್ದು, ಇಡೀ ಹಾಸ್ಟೆಲ್ಲನ್ನು ಉರುಳಾಡಿಸುತ್ತಿದ್ದ ಆ ಅಣಕ. ಅದನ್ನು ಇವತ್ತು, ಗಂಟಲಿಗೆ ಬಿಳಿಬಟ್ಟೆ ಕಟ್ಟಿಕೊಂಡು ಕೂತವನ ಎದುರಿಗೆ ಮಾಡಬೇಕು.

"ನನ್ನ ಕೈಲಾಗಲ್ಲ" ಎಂದು ಎದ್ದುಬಿಟ್ಟ. "ಹೋಗ್ಲಿ ಬಿಡು ಹಾಲ್ಯಾ. ಮುನ್ನೂರು ವರ್ಷ ಆಳಿದ್ರಲ್ಲ, ಸಾಕು. ಯಾವ ಪಕ್ಷ ಅಷ್ಟು ದಿನ ಉಳೀತೈತೆ?"

ಹಾಲೇಶ ಸ್ಲೇಟು ಎತ್ತಿಕೊಂಡ. ನಿಧಾನವಾಗಿ ಬರೆದು, ಕೊಟ್ರೇಶನ ಮೂಗಿನ ಹತ್ತಿರ ಹಿಡಿದ.

'ಎರಡೂವರೆ ವರ್ಷದಿಂದ ಎಲ್ಲರೂ ನನ್ನ ಮುಂದೆ ಆಸ್ಪತ್ರೆ ದನೀಲಿ ಮಾತಾಡ್ತೀರಿ. ನೀನೂ ಸೇರಿ.'

ಅಳಿಸಿದ. ಮತ್ತೆ ಬರೆದ.

'ಅಣಕಿಸಲೇ, ಮಗನೇ.'

"ಸರ್, ಹೊತ್ತು ಮೀರ್ತಿದೆ" ಎಂದಳು ಶಂಶಾದ್.

ಕೊಟ್ರೇಶ ಹಾಲೇಶನನ್ನೇ ನೋಡಿದ. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ಪುಷ್ಪವತಿಯ ಶಾಲನ್ನು ಎಳೆದು ಹೆಗಲಿಗೆ ಹಾಕಿಕೊಂಡ. ಬೆನ್ನು ಸ್ವಲ್ಪ ಬಾಗಿತು. ಗಲ್ಲ ಮುಂದೆ ಬಂತು. ಎಡಗೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಟಪ್. ಟಪ್. ಟಪ್.

"ಹಿಂದಿನೋರಿಗೆ ಕೇಳ್ತೈತಾ?"

ಪುಷ್ಪವತಿ ಸಣ್ಣಗೆ ಚೀರಿದಳು.

'ಕೇಳುತ್ತದೆ!' ಎಂದಿತು ಪರದೆ.

"ಇಲ್ಲ, ಇಲ್ಲ, ಮುಂದಿನೋರು ಸುಮ್ನಿರ್ರಿ, ನಿಮ್ಮನ್ನ ಕೇಳಿಲ್ಲ. ಹಿಂದಿನೋರು! ಕೇಳ್ತೈತಾ?... ಬಂಧುಗಳೇ. ಆಂ... ಅಂದ್ರೆ ಏನಪ್ಪಾ ಅಂದ್ರೆ..." ಉಸಿರನ್ನು ತಪ್ಪಾದ ಜಾಗದಲ್ಲಿ ಎಳೆದುಕೊಂಡ. "ನಮಗೆ ಬೇಕಾದ್ದು ಒಂದೇ. ಅದು ಸಮಾ... ಸಮಾಆಆ..." ಅಲ್ಲಿ ದನಿ ಹದಿಹರೆಯದ ಹುಡುಗನದರಂತೆ ಒಡೆದು ಕೀರಲಾಗಿ ಮೇಲೆ ಹಾರಿತು. "...ನತೆ! ಆಂ... ಎಲ್ಲಿದ್ದೆ ನಾನು?"

ಪರದೆ ತುಂಬಿಹೋಯಿತು. ಲಕ್ಷಗಟ್ಟಲೆ ಬಾಯಿಗಳು ಒಂದೇ ಸಾಲನ್ನು ಹೇಳುತ್ತಿದ್ದವು. 'ಸಮಾನತೆಯಲ್ಲಿದ್ದಿರಿ! ಸಮಾನತೆಯಲ್ಲಿದ್ದಿರಿ!'

ಮುಳ್ಳು ಎಡದಿಂದ ಎದ್ದು, ನಡುವನ್ನು ದಾಟಿ, ಬಲದ ತುದಿಗೆ ಬಡಿಯಿತು. 'ಸ್ಥಾಪಕರ ಧ್ವನಿ ದೃಢಪಟ್ಟಿದೆ. ನೋಂದಣಿ ಮುಂದುವರಿದಿದೆ' ಎಂಬ ಹಸಿರು ಸಾಲು ಮೂಡಿತು. ಶಂಶಾದ್ ಕುರ್ಚಿಯಿಂದ ಹಾರಿ ಎದ್ದಳು. ಪುಷ್ಪವತಿ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪಕ್ಷ ಉಳಿದಿತ್ತು. ಆದರೆ ಎರಡೂವರೆ ವರ್ಷ ಹಸಿದಿದ್ದ ಗಂಟಲು ಒಂದು ತುತ್ತಿಗೆ ಏಳುವುದುಂಟೇ? ಕೊಟ್ರೇಶನ ಕಣ್ಣಲ್ಲಿ ಹಾಸ್ಟೆಲಿನ ಆ ಹಳೆಯ ಮಿಂಚು ಬಂತು. ಹಾಲೇಶ ಅದನ್ನು ಕಂಡು ಬೇಡವೆಂದು ಕೈಯಾಡಿಸುವಷ್ಟರಲ್ಲಿ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟ.

"ಬಂಧುಗಳೇ, ಇವತ್ತು ಒಂದು ಸತ್ಯ ಹೇಳ್ಬೇಕು. ಪಕ್ಷದ ಪ್ರಣಾಳಿಕೆಗಿಂತ ಮೊದ್ಲು ನಾನೊಂದು ಪ್ರಣಾಳಿಕೆ ಮಾಡಿದ್ದೆ. ಹಾಸ್ಟೆಲ್ಲಿನ ಮಾಳಿಗಿ ಮ್ಯಾಲೆ, ನನ್ನ ಗೆಳೆಯ ಕೊಟ್ರೇಶ ಅಂತ ಒಬ್ಬ... ಆಂ... ಬಹಳ ಪ್ರತಿಭಾವಂತ, ಅವನ ಮುಂದೆ ನಿಂತು ತಾಲೀಮು ಮಾಡಿ, ಮಾರನೇ ದಿನ ಪುಷ್ಪವತಿ ಅನ್ನೋ ಮತದಾರರ ಮುಂದೆ ಮಂಡಿಸಿದೆ. ಭರವಸೆ ಒಂದು: ಪಡಸಾಲ್ಯಾಗೆ ತೂಗುಯ್ಯಾಲೆ. ಭರವಸೆ ಎರಡು: ಮದುವಿ ಆದ ವರ್ಷವೇ ಕಾರವಾರದ ಸಮುದ್ರ. ಭರವಸೆ ಮೂರು: ಭಾನುವಾರ ಒಲೆ ನಂದು. ಅಂದ್ರೆ ಏನಪ್ಪಾ ಅಂದ್ರೆ... ಒಂದನ್ನೂ ಈಡೇರಿಸಿಲ್ಲ. ಸಮಾಆಆನತೆ!"

ಹಾಲೇಶ ಸ್ಲೇಟಿನಿಂದ ಮುಖ ಮುಚ್ಚಿಕೊಂಡ.

"ಹೌದು ನೋಡ್ರಿ!" ಪುಷ್ಪವತಿ ತಡೆಯಲಾರದೆ ಕೂಗಿಬಿಟ್ಟಳು. "ಉಯ್ಯಾಲಿ ಇನ್ನೂ ಬಂದಿಲ್ಲ! ಸಮುದ್ರ ಅಂತ ಹೇಳಿ ತುಂಗಭದ್ರಾ ತೋರ್ಸಿ ಕರ್ಕೊಂಡು ಬಂದ್ರು!"

ಮೈಕು ಆಕೆಯ ದನಿಯನ್ನೂ ಎತ್ತಿಕೊಂಡು ಒಳಗೆ ಬಿಟ್ಟಿತು. ಪರದೆ ಒಂದು ಗಳಿಗೆ ಖಾಲಿಯಾಯಿತು. 'ಯಾರದು?' ಎಂಬ ಸಾಲು ಬಂತು.

"ಮನೆಯೋರು" ಎಂದ ಕೊಟ್ರೇಶ, ಹಾಲೇಶನದೇ ತಗ್ಗಿದ ದನಿಯಲ್ಲಿ.

ಶಂಶಾದ್ ನಗು ತಡೆಯಲಾರದೆ ಮೈಕು ಬಂದ್ ಮಾಡಿದಳು. ಮೈಕು ನಿಂತದ್ದೇ ನಾಡಿನ ಕಾಲ ಮತ್ತೆ ತನ್ನ ಓಟಕ್ಕೆ ಮರಳಿತು. ಅವರು ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕುಡಿಯುವಷ್ಟರಲ್ಲಿ ಅಲ್ಲಿ ಸಭೆ ಸೇರಿ, ಚರ್ಚೆಯಾಗಿ, ಕೂಗಾಟವಾಗಿ, ಮತಕ್ಕೂ ಹಾಕಿ ಮುಗಿದಿತ್ತು. ಪರದೆಯ ಮೇಲೆ ಪಕ್ಷದ ಪ್ರಕಟಣೆ ಮೂಡಿತು. ಶಂಶಾದ್ ಅದನ್ನು ಗಟ್ಟಿಯಾಗಿ ಓದಿದಳು.

"'ಸಮಪಾಲು ಪಕ್ಷ, ಕೇಂದ್ರ ಶಿಸ್ತು ಸಮಿತಿ. ಸ್ಥಾಪಕರು ನೀಡಿದ ಮೊಟ್ಟಮೊದಲ ಮೂರು ಭರವಸೆಗಳು ಮುನ್ನೂರು ವರ್ಷಗಳಿಂದ ಈಡೇರದೆ ಉಳಿದಿರುವುದು ಪಕ್ಷಕ್ಕೆ ಕಳಂಕ. ಸಂತ್ರಸ್ತ ಮತದಾರರ ದೂರನ್ನು ಸಮಿತಿಯು ಖುದ್ದಾಗಿ ಆಲಿಸಿದೆ. ತಮ್ಮನ್ನು ಪಕ್ಷದಿಂದ ಏಕೆ ಉಚ್ಚಾಟಿಸಬಾರದು ಎಂಬುದಕ್ಕೆ ಸ್ಥಾಪಕರು ಕಾರಣ ನೀಡತಕ್ಕದ್ದು. ಸಮುದ್ರವೆಂದು ನದಿಯನ್ನು ತೋರಿಸಿದ ಪ್ರಕರಣವನ್ನು ಪ್ರತ್ಯೇಕ ತನಿಖೆಗೆ ಒಪ್ಪಿಸಲಾಗಿದೆ.'"

ಶಂಶಾದ್ ಕೊನೆಯ ಸಾಲನ್ನು ಹೇಗೋ ಓದಿ ಮುಗಿಸಿ ಗೋಡೆಗೆ ಆನಿಕೊಂಡು ನಕ್ಕಳು. ಪುಷ್ಪವತಿ ಸೆರಗಿನಿಂದ ಕಣ್ಣೊರೆಸುತ್ತ, "ಆಗಲಿ, ತನಿಖೆ ಆಗಲಿ!" ಎಂದು ನಕ್ಕಳು. ಕೊಟ್ರೇಶ ನಗುತ್ತಲೇ ಓರೆಗಣ್ಣಿನಿಂದ ಹಾಲೇಶನ ಕಡೆ ನೋಡಿದ, ಇನ್ನೂ ಅಳುಕು ಪೂರ್ತಿ ಹೋಗಿರಲಿಲ್ಲ.

ಹಾಲೇಶ ಸ್ಲೇಟನ್ನು ಮುಖದಿಂದ ಇಳಿಸಿದ್ದ. ಅವನ ಬಾಯಿ ಅಗಲವಾಗಿ ತೆರೆದಿತ್ತು, ಅದರಿಂದ ಒಂದು ಸದ್ದೂ ಹೊರಡುತ್ತಿರಲಿಲ್ಲ. ಭುಜ ಕುಣಿಯುತ್ತಿತ್ತು. ಬಿಳಿಬಟ್ಟೆಯಡಿಯಿಂದ ಗಾಳಿ ಸುಯ್ ಸುಯ್ ಎಂದು ನುಗ್ಗಿ ಬಟ್ಟೆಯನ್ನು ಬಾವುಟದಂತೆ ಹಾರಿಸುತ್ತಿತ್ತು. ಕಣ್ಣಿಂದ ನೀರು ಗಲ್ಲಕ್ಕೆ ಇಳಿದಿತ್ತು. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಿಂದ ಮೇಜನ್ನು ಗುದ್ದುತ್ತಿದ್ದ. ಚಹಾದ ಲೋಟಗಳು ಎಗರಿ ಬಿದ್ದವು, ಆಚೆ ಕೋಣೆಯ ಹುಡುಗರು ಏನಾಯಿತೆಂದು ಬಾಗಿಲಿಗೆ ಓಡಿ ಬಂದರು, ಉಳಿದ ಮೂವರ ನಗುವೂ ಆ ಗುದ್ದಿನಡಿ ಮುಚ್ಚಿಹೋಯಿತು, ಅವನು ಮಾತ್ರ ನಿಲ್ಲಿಸಲೇ ಇಲ್ಲ.